ಮೀಸಲು ಪೀಠವೂ ಸ್ವಯಂನಿರ್ಣಯವೂ: ‘ಸ್ತ್ರೀ’ ಶಬ್ದದ ಅರ್ಥವನ್ನು ಕುರಿತ ನಾಲ್ಕು ತೀರ್ಪುಗಳ ವಿಮರ್ಶೆ

೧

ನ್ಯಾಯಾಲಯದ ತೀರ್ಪನ್ನು ವಕೀಲನು ಓದುವ ರೀತಿ ಬೇರೆ, ವಿಮರ್ಶಕನು ಓದುವ ರೀತಿ ಬೇರೆ. ವಕೀಲನಿಗೆ ಬೇಕಾದುದು ಫಲ. ಆ ಫಲಕ್ಕೆ ಆಧಾರವಾದ ಶಬ್ದಾರ್ಥವಿಚಾರ ಎಷ್ಟರ ಮಟ್ಟಿಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ತೂಗಿ ನೋಡುವುದು ವಿಮರ್ಶಕನ ಕೆಲಸ. ಕಳೆದ ಕಾಲು ಶತಮಾನದಲ್ಲಿ ‘ಸ್ತ್ರೀ’ ಎಂಬ, ನಾವೆಲ್ಲರೂ ಚಿಕ್ಕಂದಿನಿಂದ ಬಲ್ಲೆವೆಂದು ನಂಬಿದ, ಒಂದು ಶಬ್ದದ ವ್ಯಾಪ್ತಿಯನ್ನು ನಿಶ್ಚಯಿಸುವ ಭಾರ ನಮ್ಮ ದೇಶದ ಮೂರು ನ್ಯಾಯಾಲಯಗಳ ಮೇಲೂ ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯದ ಮೇಲೂ ಬಿದ್ದಿತು. ೨೦೦೩ರಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ, ೨೦೧೪ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ೨೦೨೧ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ ಪೀಠ, ೨೦೨೫ರಲ್ಲಿ ಲಂಡನ್ ನಗರದ ಪರಮೋಚ್ಚ ನ್ಯಾಯಾಲಯ: ಈ ನಾಲ್ಕೂ ಕಡೆ ಕೇಳಿದ ಪ್ರಶ್ನೆಯ ತಿರುಳು ಒಂದೇ. ಹುಟ್ಟಿದಾಗ ಗಂಡೆಂದು ಬರೆಯಿಸಲ್ಪಟ್ಟು, ಬೆಳೆದ ಮೇಲೆ ತನ್ನನ್ನು ಹೆಣ್ಣೆಂದೇ ಅರಿತು ಹಾಗೆಯೇ ಬಾಳುವ ವ್ಯಕ್ತಿಯು ಕಾನೂನಿನ ಕಣ್ಣಿಗೆ ಯಾರು?

ಈ ನಾಲ್ಕರಲ್ಲಿ ಮೂರು ವ್ಯಾಜ್ಯಗಳು ಹುಟ್ಟಿದ್ದು ತತ್ತ್ವಜಿಜ್ಞಾಸೆಯಿಂದಲ್ಲ, ಕುರ್ಚಿಯಿಂದ. ಒಂದು ಕಡೆ ನಗರಸಭೆಯ ಮಹಾಪೌರ ಪೀಠ, ಒಂದು ಕಡೆ ಗ್ರಾಮಪಂಚಾಯತಿಯ ಸದಸ್ಯತ್ವ, ಇನ್ನೊಂದು ಕಡೆ ಸ್ಕಾಟ್ಲೆಂಡಿನ ಸಾರ್ವಜನಿಕ ಮಂಡಲಿಗಳ ಸದಸ್ಯತ್ವ. ಮೂರೂ ಸ್ತ್ರೀಯರಿಗೆಂದು ಕಾನೂನು ಎತ್ತಿಟ್ಟ ಪಾಲು. ಹೀಗಾಗಿ ಸ್ತ್ರೀಯರ ಹಕ್ಕಿಗೂ ಲಿಂಗಾಂತರಿಗಳ ಸ್ವಯಂನಿರ್ಣಯಕ್ಕೂ ಇರುವ ಸಂಬಂಧವನ್ನು ಕೂಗಾಟದಿಂದ ಬಿಡಿಸಿ ನೋಡಬೇಕೆಂದಿರುವವರಿಗೆ ಈ ತೀರ್ಪುಗಳು ಒಳ್ಳೆಯ ಸಾಮಗ್ರಿ. ಇವನ್ನು ಒಟ್ಟಿಗೆ ಇಟ್ಟು ಓದುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದದ ವಿಚಾರ. ಇಂಗ್ಲಿಷರಲ್ಲಿ ದೇಹದ ಗಂಡುಹೆಣ್ಣುತನಕ್ಕೆ ಒಂದು ಮಾತು, ಸಮಾಜದಲ್ಲಿ ಗಂಡಾಗಿ ಹೆಣ್ಣಾಗಿ ನಡೆಯುವುದಕ್ಕೆ ಇನ್ನೊಂದು ಮಾತು ಎಂದು ಈಚೆಗೆ ಬೇರ್ಪಡಿಸಿಕೊಂಡಿದ್ದಾರೆ. ಕನ್ನಡದಲ್ಲಿ ಎರಡಕ್ಕೂ ‘ಲಿಂಗ’ವೇ ಒದಗಿತು, ಎರಡನೆಯದಕ್ಕೆ ‘ಲಿಂಗತ್ವ’ವೆಂಬ ರೂಪವನ್ನು ಆಮೇಲೆ ಕಟ್ಟಿಕೊಂಡು, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಸಮಾಸವನ್ನು ಕಚೇರಿಗಳೂ ಪತ್ರಿಕೆಗಳೂ ಬಳಕೆಗೆ ತಂದವು. ‘ಲಿಂಗ’ವೆಂದರೆ ಮೂಲದಲ್ಲಿ ಕುರುಹು, ಗುರುತು. ಗುರುತನ್ನು ಯಾರು ಯಾರಿಗೆ ಇಡಬೇಕು ಎಂಬುದೇ ಈ ಚರ್ಚೆಯ ಹುರುಳಾಗಿರುವಾಗ ಆ ಶಬ್ದ ಅನರ್ಹವೇನೂ ಅಲ್ಲ.

ನಮ್ಮ ವ್ಯಾಕರಣಕಾರರು ಈ ವಿಷಯದಲ್ಲಿ ಒಂದು ವಿವೇಕವನ್ನು ತೋರಿದ್ದಾರೆ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಅಂಟಿಕೊಂಡದ್ದು. ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಮೂರಕ್ಕೂ ಅರ್ಥ ಹೆಂಡತಿಯೇ. ಕನ್ನಡದಲ್ಲಿ ಹಾಗಲ್ಲ, ಅರ್ಥವನ್ನು ನೋಡಿ ಲಿಂಗವನ್ನು ಹೇಳಬೇಕು. ೧೩ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ನಿಯಮವನ್ನು ಒಪ್ಪಿಕೊಂಡೂ ಲಿಂಗಗಳನ್ನು ಒಂಬತ್ತಾಗಿ ಎಣಿಸಿದನು, ಎರಡೆರಡು ಲಿಂಗಗಳಲ್ಲಿ ಸಲ್ಲುವವು, ಮೂರರಲ್ಲಿಯೂ ಸಲ್ಲುವವು, ವಿಶೇಷ್ಯವನ್ನು ಅನುಸರಿಸಿ ನಡೆಯುವವು ಎಂದು ಬಗೆಮಾಡಿದನು. ಇದರಿಂದ ನಮ್ಮ ಪೂರ್ವಿಕರು ಇಂದಿನ ಲಿಂಗಾಂತರಿಗಳ ಹಕ್ಕನ್ನು ಆಗಲೇ ಕಂಡಿದ್ದರೆಂದು ಹೇಳಿದರೆ ಅದು ಹುಸಿಹೆಮ್ಮೆಯಾದೀತು. ವ್ಯಾಕರಣದ ಲಿಂಗಕ್ಕೂ ಮನುಷ್ಯರ ಲಿಂಗಕ್ಕೂ ಇರುವ ನಂಟು ಸಡಿಲವಾದುದು. ಕೇಶಿರಾಜನಿಂದ ನಾವು ಕಲಿಯಬಹುದಾದುದು ಇಷ್ಟೇ: ಪ್ರಯೋಗ ಬೇರೆಬೇರೆಯಾಗಿದ್ದಲ್ಲಿ ವರ್ಗವನ್ನೂ ಬೇರೆಬೇರೆಯಾಗಿ ಹೇಳಬೇಕು, ಎಲ್ಲವನ್ನೂ ಒಂದೇ ಸೂತ್ರಕ್ಕೆ ಬಲಾತ್ಕಾರದಿಂದ ಎಳೆಯಬಾರದು. ಈ ಮಾತನ್ನು ಮುಂದೆ ಲಂಡನ್ನಿನ ತೀರ್ಪನ್ನು ನೋಡುವಾಗ ನೆನೆಯಬೇಕಾಗುತ್ತದೆ.

೩

ಮೀಸಲು ಪೀಠ ನಮ್ಮಲ್ಲಿ ಹೇಗೆ ಬಂದಿತೆಂಬುದನ್ನು ಸ್ವಲ್ಪದರಲ್ಲಿ ನೆನಪಿಸಿಕೊಳ್ಳಬಹುದು. ಈ ಕಾರ್ಯದಲ್ಲಿ ಕರ್ನಾಟಕ ಮುಂದಾಳಾಗಿದ್ದಿತು. ೧೯೮೩ರ ಕಾಯಿದೆಯಂತೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ನೂರಕ್ಕೆ ೨೫ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿ, ೧೯೮೭ರಲ್ಲಿ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಹೇಬರ ಹೆಸರು ಈ ಪ್ರಯತ್ನದೊಡನೆ ಸೇರಿಕೊಂಡಿದೆ. ೧೯೯೩ರಲ್ಲಿ ಜಾರಿಗೆ ಬಂದ ೭೩ ಮತ್ತು ೭೪ನೆಯ ತಿದ್ದುಪಡಿಗಳು ದೇಶದ ಎಲ್ಲ ಪಂಚಾಯತಿಗಳಲ್ಲಿಯೂ ಪುರಸಭೆಗಳಲ್ಲಿಯೂ ಮೂರರಲ್ಲಿ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕೊಟ್ಟವು. ಸಂವಿಧಾನದ ೧೫ನೆಯ ವಿಧಿಯ ೩ನೆಯ ಖಂಡವು ಸ್ತ್ರೀಯರಿಗಾಗಿ ವಿಶೇಷ ಏರ್ಪಾಡುಗಳನ್ನು ಮಾಡಲು ಮೊದಲೇ ಅವಕಾಶವಿತ್ತಿದ್ದಿತು. ಆದರೆ ‘ಸ್ತ್ರೀ’ ಎಂದರೆ ಯಾರೆಂದು ಸಂವಿಧಾನ ಎಲ್ಲಿಯೂ ಲಕ್ಷಣ ಹೇಳಲಿಲ್ಲ. ಹೇಳಬೇಕೆಂದು ಅಂದು ಯಾರಿಗೂ ತೋರಲಿಲ್ಲ.

ತೋರುವಂತೆ ಮಾಡಿದುದು ಮಧ್ಯಪ್ರದೇಶ. ಸೊಹಾಗಪುರ ಕ್ಷೇತ್ರದಿಂದ ಶಬನಮ್ ಮೌಸಿ ಎಂಬ ಹಿಜಡಾ ವ್ಯಕ್ತಿ ವಿಧಾನಸಭೆಗೆ ಆರಿಸಿ ಬಂದರು. ಅದು ಮೀಸಲಲ್ಲದ ಕ್ಷೇತ್ರ. ಆದುದರಿಂದ ಅವರು ಗಂಡೋ ಹೆಣ್ಣೋ ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಮತದಾರರ ಒಪ್ಪಿಗೆ ಸಾಕಾಯಿತು. ಅದೇ ಸುಮಾರಿಗೆ ಕಟನಿ ನಗರದ ಮಹಾಪೌರ ಪೀಠಕ್ಕೆ ಕಮಲಾ ಜಾನ್ ಎಂಬ ಇನ್ನೊಬ್ಬ ಹಿಜಡಾ ವ್ಯಕ್ತಿ ಗೆದ್ದರು. ಆ ಪೀಠ ಸ್ತ್ರೀಯರಿಗೆ ಮೀಸಲಾಗಿದ್ದಿತು. ಚುನಾವಣೆಯನ್ನು ಪ್ರಶ್ನಿಸಿ ಅರ್ಜಿ ಬಂದು, ೨೦೦೨ರಲ್ಲಿ ಅದು ಅಸಿಂಧುವಾಯಿತು. ೨೦೦೩ರಲ್ಲಿ ಉಚ್ಚ ನ್ಯಾಯಾಲಯ ಆ ನಿರ್ಣಯವನ್ನು ಎತ್ತಿಹಿಡಿಯಿತು. ಗೆದ್ದವರು ಸ್ತ್ರೀಯಲ್ಲ, ಆದುದರಿಂದ ಸ್ತ್ರೀಪೀಠಕ್ಕೆ ಅರ್ಹರಲ್ಲ ಎಂಬುದೇ ಅದರ ಸಾರ.

ಈ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟರೆ ವಿಷಯ ತಿಳಿಯಾಗುತ್ತದೆ. ಲಿಂಗಾಂತರಿಯೊಬ್ಬರು ಸಾರ್ವಜನಿಕ ಜೀವನಕ್ಕೆ ಬರುವುದಕ್ಕೆ ತಡೆ ಇದ್ದುದು ಎರಡನೆಯ ಕಡೆ ಮಾತ್ರ. ಏಕೆ? ಸಾಮಾನ್ಯ ಪೀಠ ಎಲ್ಲರದೂ ಹೌದು. ಮೀಸಲು ಪೀಠ ಒಂದು ಗುಂಪಿನವರು ಹಿಂದೆ ಪಟ್ಟ ಅನ್ಯಾಯಕ್ಕೆ ಪರಿಹಾರವಾಗಿ ಕೊಟ್ಟದ್ದು. ಅದರಲ್ಲಿ ಒಬ್ಬರು ಕುಳಿತರೆ ಆ ಗುಂಪಿನ ಇನ್ನೊಬ್ಬರು ಎದ್ದು ನಿಲ್ಲಬೇಕು. ಕಟನಿಯ ತೀರ್ಪಿನ ಭಾಷೆ ಇಂದಿನವರಿಗೆ ಒರಟಾಗಿ ಕಂಡೀತು. ಲಿಂಗಾಂತರಿಯ ಅಂತರಂಗಕ್ಕೆ ಅದು ಒಂದು ಮಾತಿನ ಮರ್ಯಾದೆಯನ್ನೂ ಸಲ್ಲಿಸಲಿಲ್ಲ. ಆದರೂ ಪೀಠ ಯಾರಿಗಾಗಿ ಹುಟ್ಟಿತೆಂಬ ಪ್ರಶ್ನೆಯನ್ನು ಅದು ಬಿಟ್ಟುಕೊಡಲಿಲ್ಲ ಎಂಬುದನ್ನು ಒಪ್ಪಬೇಕು.

೪

ಇನ್ನು ೨೦೧೪ರ ಏಪ್ರಿಲ್ ೧೫ರ ತೀರ್ಪು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ ಅರ್ಜಿಯ ಮೇಲೆ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಇದನ್ನು ಬರೆದರು. ನಮ್ಮ ನ್ಯಾಯಾಂಗದ ಕರುಣೆಯ ಬರಹಗಳಲ್ಲಿ ಇದಕ್ಕೆ ಎತ್ತರದ ಸ್ಥಾನವುಂಟು. ಕುಟುಂಬದಿಂದ ಹೊರಗೆ ಹಾಕಲ್ಪಟ್ಟು, ಶಾಲೆಯಿಲ್ಲದೆ, ಉದ್ಯೋಗವಿಲ್ಲದೆ, ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಸೇರಿಸಬೇಕೆಂಬುದೇ ತಿಳಿಯದೆ ನಿಂತವರ ಬಾಳನ್ನು ಅದು ತಾಳ್ಮೆಯಿಂದ ಬಣ್ಣಿಸುತ್ತದೆ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹಿಜಡಾಗಳ ಹೆಸರುಗಳನ್ನು ಪೋಲೀಸರ ಪಟ್ಟಿಯಲ್ಲಿ ಬರೆಯಿಸಿ, ಹೆಣ್ಣುಡುಗೆ ಉಟ್ಟು ಬೀದಿಗೆ ಬಂದರೆ ಸೆರೆಗೆ ತಳ್ಳಿದುದನ್ನು ಅದು ನೆನಪಿಗೆ ತರುತ್ತದೆ. ಆ ಜಾಡಿನ ಕಾನೂನುಗಳು ಎಷ್ಟು ಬಹುಕಾಲ ಬದುಕಿದುವೆಂಬುದನ್ನು ಹೈದರಾಬಾದಿನ ವಾಚಕರು ಬಲ್ಲರು: ನಿಜಾಮರ ಕಾಲದಲ್ಲಿ ೧೯೧೯ರಲ್ಲಿ ಆದ ಇಂಥದೇ ಒಂದು ಕಾಯಿದೆಯನ್ನು ತೆಲಂಗಾಣದ ಉಚ್ಚ ನ್ಯಾಯಾಲಯ ತೆಗೆದುಹಾಕಿದ್ದು ೨೦೨೩ರಲ್ಲಿ. ಕರ್ನಾಟಕದ ಪೋಲೀಸ್ ಕಾಯಿದೆಗೂ ೨೦೧೧ರಲ್ಲಿ ೩೬–ಎ ಎಂಬ ಕಲಮು ಸೇರಿ, ಹಿಜಡಾಗಳ ಮೇಲೆ ಕಣ್ಣಿಡುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತ್ತು. ಅದು ವಿವಾದಕ್ಕೊಳಗಾಗಿ ಅವರನ್ನು ಹೆಸರಿಸುವ ಶಬ್ದ ಬಿದ್ದುಹೋಯಿತು. ಕನ್ನಡಿಗರಿಗೆ ಈ ತೀರ್ಪಿನಲ್ಲಿ ಇನ್ನೂ ಒಂದು ಪರಿಚಿತ ದನಿ ಕೇಳುತ್ತದೆ. ಅದು ಹೆಸರಿಸುವ ಸಮುದಾಯಗಳಲ್ಲಿ ಜೋಗಪ್ಪಗಳೂ ಇದ್ದಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ, ಸೀರೆಯುಟ್ಟು ಕೊಡ ಹೊತ್ತು ಬರುವ ಅವರ ಪರಿಚಯ ಮಾಡಿಕೊಡಬೇಕಾದುದಿಲ್ಲ.

ಈ ತೀರ್ಪಿನ ತಾತ್ತ್ವಿಕ ಹೆಜ್ಜೆ ದೊಡ್ಡದು. ಇಂಗ್ಲೆಂಡಿನಲ್ಲಿ ೧೯೭೦ರಲ್ಲಿ ನಡೆದ ಕಾರ್ಬೆಟ್ ದಂಪತಿಗಳ ವ್ಯಾಜ್ಯದಲ್ಲಿ, ದೇಹದ ಲಕ್ಷಣಗಳಿಂದ ಹುಟ್ಟಿನಲ್ಲಿಯೇ ಲಿಂಗ ನಿಶ್ಚಿತವಾಗುತ್ತದೆ ಎಂದು ತೀರ್ಮಾನವಾಗಿದ್ದಿತು. ನಮ್ಮ ನ್ಯಾಯಾಲಯ ಅದನ್ನು ತಳ್ಳಿ, ದೇಹದ ಪರೀಕ್ಷೆಗಿಂತ ಮನಸ್ಸಿನ ಪರೀಕ್ಷೆಯೇ ಮೇಲೆಂದಿತು. ಗುರುತು ಬದಲಾಯಿಸಿಕೊಡಲು ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಅನೀತಿಯೂ ಕಾನೂನುಬಾಹಿರವೂ ಎಂದಿತು. ಗಂಡು, ಹೆಣ್ಣು, ಮೂರನೆಯ ಲಿಂಗ, ಇವುಗಳಲ್ಲಿ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದು ಸಾರಿತು.

ಆದರೆ ವಿಮರ್ಶಕನ ಕಣ್ಣಿಗೆ ಇಲ್ಲಿ ಮೂರು ಬಿರುಕುಗಳು ಕಾಣುತ್ತವೆ. ಮೊದಲನೆಯದು, ‘ಪರೀಕ್ಷೆ’ ಎಂಬ ಮಾತು. ಸ್ವಯಂನಿರ್ಣಯವೆಂದ ಮೇಲೆ ಪರೀಕ್ಷೆಯೇನು, ಪರೀಕ್ಷಕರಾರು? ಮನಸ್ಸಿನದಾದರೂ ಪರೀಕ್ಷೆ ಪರೀಕ್ಷೆಯೇ. ಈ ಸಂದಿನ ಮೂಲಕವೇ ೨೦೧೯ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಒಳಹೊಕ್ಕಿತು. ಆ ಕಾಯಿದೆಯು ಅಂಗೀಕಾರವಾದ ರೂಪದಲ್ಲಿ ಒಂದು ಕೈಯಿಂದ ಸ್ವಾನುಭವದ ಗುರುತಿನ ಹಕ್ಕನ್ನು ಕೊಟ್ಟಿತು. ಇನ್ನೊಂದು ಕೈಯಿಂದ, ಗುರುತಿನ ಪತ್ರಕ್ಕೆ ಜಿಲ್ಲಾಧಿಕಾರಿಯ ಬಳಿಗೂ, ಗಂಡೆಂದೋ ಹೆಣ್ಣೆಂದೋ ಬದಲಾಯಿಸಿಕೊಳ್ಳಲು ಶಸ್ತ್ರಚಿಕಿತ್ಸೆಯ ವೈದ್ಯಪತ್ರದೊಡನೆ ಮತ್ತೆ ಅವನ ಬಳಿಗೂ ಕಳುಹಿಸಿತು.

ಎರಡನೆಯದು, ಆದೇಶಗಳ ಒಳಗಿನ ಬಿಕ್ಕಟ್ಟು. ಒಂದು ಆದೇಶ ಹಿಜಡಾಗಳನ್ನು ಗಂಡೂ ಹೆಣ್ಣೂ ಅಲ್ಲದ ಮೂರನೆಯ ವರ್ಗವೆಂದು ಎಣಿಸಲು ಹೇಳುತ್ತದೆ. ಮುಂದಿನದು ಯಾರೂ ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದೆನ್ನುತ್ತದೆ. ತನ್ನನ್ನು ಹೆಣ್ಣೆಂದು ಅರಿತ ಹಿಜಡಾ ವ್ಯಕ್ತಿ ಯಾವ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು? ಹೆಣ್ಣೆಂದು ಆರಿಸಿಕೊಂಡರೆ ಹೆಣ್ಣಿಗೆ ಸಲ್ಲುವ ಎಲ್ಲ ವಿಶೇಷ ಏರ್ಪಾಡುಗಳೂ ಸಲ್ಲುತ್ತವೆಯೇ? ಆದೇಶಗಳಲ್ಲಿ ಇದಕ್ಕೆ ಉತ್ತರವಿಲ್ಲ. ಲಿಂಗಾಂತರಿಗಳನ್ನು ಹಿಂದುಳಿದ ವರ್ಗವೆಂದು ಎಣಿಸಿ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಕೊಡಬೇಕೆಂದು ಮಾತ್ರ ಹೇಳಿದೆ. ಕಟನಿಯ ಪ್ರಶ್ನೆ ಕಟನಿಯಲ್ಲಿಯೇ ಉಳಿಯಿತು.

ಮೂರನೆಯದು, ಪುರಾಣಪ್ರಮಾಣ. ರಾಮನು ವನದಿಂದ ಮರಳುವಾಗ ತನಗಾಗಿ ಕಾದಿದ್ದವರಿಗೆ ವರವಿತ್ತ ಜನವಾಯಿಯ ಕಥೆಯನ್ನೂ ಅರವಾನನ ಕಥೆಯನ್ನೂ ತೀರ್ಪು ಹೇಳುತ್ತದೆ. ಹಿಂದಿನ ಕಾಲದಲ್ಲಿ ಇವರಿಗೆ ಮಾನವಿದ್ದಿತೆಂಬುದಕ್ಕೆ ಇವು ಸಾಕ್ಷಿಯೆಂದು ಅದರ ಭಾವ. ಆದರೆ ಪುರಾಣವನ್ನು ಸಾಕ್ಷಿಗೆ ಕರೆದರೆ ಅದು ಎರಡೂ ಕಡೆ ಮಾತನಾಡುತ್ತದೆ. ಅರ್ಜುನನ ಬೃಹನ್ನಳೆಯ ರೂಪ ಶಾಪದ ಫಲ. ಶಿಖಂಡಿಯ ಕಥೆಯೋ ಇನ್ನೂ ಕಠಿನ. ಅವನು ತನ್ನನ್ನು ಗಂಡೆಂದು ನಿಲ್ಲಿಸಿಕೊಂಡು ರಥವೇರಿ ಬಂದರೂ ಭೀಷ್ಮನು ಹುಟ್ಟನ್ನೇ ನೋಡಿ ಬಿಲ್ಲನ್ನಿಳಿಸಿದನು. ಪಾಂಡವರು ಆ ನಿರಾಕರಣೆಯನ್ನೇ ಉಪಾಯವಾಗಿ ಬಳಸಿಕೊಂಡರು. ಅಲ್ಲಿ ಶಿಖಂಡಿಯ ಮಾತನ್ನು ನಂಬಿದವರು ಯಾರೂ ಇಲ್ಲ. ಹಕ್ಕಿಗೆ ಸಂವಿಧಾನದ ೧೪, ೧೫, ೧೯, ೨೧ನೆಯ ವಿಧಿಗಳ ಬಲವಿರುವಾಗ ಇಂಥ ಸಾಕ್ಷಿಗಳ ಅವಶ್ಯಕತೆಯಿರಲಿಲ್ಲ.

೫

೨೦೨೧ರ ಜನವರಿಯಲ್ಲಿ ಔರಂಗಾಬಾದ ಪೀಠ ಕೊಟ್ಟ ಆದೇಶ ಚಿಕ್ಕದು. ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮವರಲ್ಲಿಯೂ ಅನೇಕರ ಗಮನಕ್ಕೆ ಬಂದಿರಲಾರದು. ಜಳಗಾಂವ ಜಿಲ್ಲೆಯ ಗ್ರಾಮವೊಂದರಲ್ಲಿ ಲಿಂಗಾಂತರಿ ವ್ಯಕ್ತಿಯೊಬ್ಬರು ಸ್ತ್ರೀಯರಿಗೆ ಮೀಸಲಾದ ವಾರ್ಡಿನಿಂದ ಪಂಚಾಯತಿಗೆ ನಾಮಪತ್ರ ಸಲ್ಲಿಸಿದರು. ಚುನಾವಣಾಧಿಕಾರಿ ಅದನ್ನು ತಿರಸ್ಕರಿಸಿದನು. ಉಚ್ಚ ನ್ಯಾಯಾಲಯ ೨೦೧೪ರ ತೀರ್ಪನ್ನೂ ೨೦೧೯ರ ಕಾಯಿದೆಯನ್ನೂ ಆಧರಿಸಿ ಆ ತಿರಸ್ಕಾರವನ್ನು ರದ್ದುಮಾಡಿತು. ಸುಮಾರು ಎರಡು ದಶಕಗಳ ಅಂತರದಲ್ಲಿ ಕಟನಿಯ ಉತ್ತರ ತಲೆಕೆಳಗಾಯಿತು.

ಈ ಆದೇಶದ ಅತ್ಯಂತ ಸ್ವಾರಸ್ಯದ ಅಂಶ ಅದರ ಒಂದು ಕಟ್ಟುಪಾಡಿನಲ್ಲಿದೆ. ಈ ವ್ಯಕ್ತಿ ಹೆಣ್ಣೆಂದು ಆರಿಸಿಕೊಂಡಾಗಿದೆ. ಇನ್ನು ಮುಂದೆ ಬೇರೊಂದು ಅನುಕೂಲ ಕಂಡಿತೆಂದು ಗಂಡುಗುರುತಿಗೆ ಮರಳಬಾರದು, ಬಾಳಿನುದ್ದಕ್ಕೂ ಈ ಆಯ್ಕೆಗೇ ಬದ್ಧರಾಗಿರಬೇಕು ಎಂದು ನ್ಯಾಯಾಲಯ ಭಾವಿಸಿತು. ಸ್ವಯಂಘೋಷಣೆಯನ್ನು ನಂಬಿಯೂ ಅದಕ್ಕೆ ಒಂದು ಬೇಲಿಯನ್ನು ಹಾಕಿದಂತಾಯಿತು. ಮನಸ್ಸಿನಲ್ಲಿ ಅರಿತದ್ದು ಸತ್ಯವಾದರೆ ಬೇಲಿಯೇಕೆ? ಪೀಠಕ್ಕೆ ಇನ್ನೊಬ್ಬರ ಹಕ್ಕೂ ತಗುಲಿದೆ ಎಂಬ ಅರಿವು ಆದೇಶ ಬರೆದವರ ಒಳಮನಸ್ಸಿನಲ್ಲಿ ಇದ್ದಿತೆಂದೇ ಇದರ ಅರ್ಥ. ಆದರೆ ಆ ಅರಿವು ವಾದವಾಗಿ ಬೆಳೆಯಲಿಲ್ಲ. ಮೀಸಲು ಪೀಠದ ಉದ್ದೇಶವೇನು, ಆ ಉದ್ದೇಶಕ್ಕೆ ಈ ಅಭ್ಯರ್ಥಿ ಹೇಗೆ ಹೊಂದುತ್ತಾರೆ ಎಂಬ ವಿಚಾರವನ್ನು ಎರಡು ಪುಟಗಳಷ್ಟಾದರೂ ಬರೆದಿದ್ದರೆ ಮುಂದಿನವರಿಗೆ ದಾರಿಯಾಗುತ್ತಿದ್ದಿತು.

೬

ಇನ್ನು ಸಮುದ್ರದಾಚೆಯ ತೀರ್ಪು. ಬ್ರಿಟನ್ನಿನ ಕಥೆಗೆ ಮೂರು ಕಾಯಿದೆಗಳನ್ನು ತಿಳಿದಿರಬೇಕು. ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯ ೨೦೦೨ರಲ್ಲಿ ಕೊಟ್ಟ ತೀರ್ಪಿನ ಪರಿಣಾಮವಾಗಿ ಬಂದ ೨೦೦೪ರ ಕಾಯಿದೆ ಮೊದಲನೆಯದು. ವೈದ್ಯರ ನಿದಾನಪತ್ರ, ಎರಡು ವರ್ಷ ಹೊಸ ಗುರುತಿನಲ್ಲಿ ಬಾಳಿದ ಆಧಾರ, ಸಾಯುವವರೆಗೂ ಹಾಗೆಯೇ ಬಾಳುವ ಸಂಕಲ್ಪ, ಇಷ್ಟನ್ನು ಒಂದು ಮಂಡಲಿಯ ಮುಂದಿಟ್ಟವರಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ಪತ್ರ ಪಡೆದವರ ಲಿಂಗ ಎಲ್ಲ ಉದ್ದೇಶಗಳಿಗೂ ಬದಲಾಯಿತೆಂದು ಅದರ ೯ನೆಯ ಕಲಮು ಹೇಳುತ್ತದೆ. ಎರಡನೆಯದು ೨೦೧೦ರ ಸಮಾನತೆಯ ಕಾಯಿದೆ: ಲಿಂಗದ ಕಾರಣದಿಂದಲೂ, ಲಿಂಗಪರಿವರ್ತನೆಯ ಕಾರಣದಿಂದಲೂ ಭೇದವೆಣಿಸುವುದನ್ನು ಅದು ಬೇರೆಬೇರೆಯಾಗಿ ನಿಷೇಧಿಸುತ್ತದೆ. ಮೂರನೆಯದು ೨೦೧೮ರ ಸ್ಕಾಟ್ಲೆಂಡಿನ ಕಾಯಿದೆ: ಸಾರ್ವಜನಿಕ ಮಂಡಲಿಗಳಲ್ಲಿ ಅರ್ಧದಷ್ಟು ಸದಸ್ಯರು ಸ್ತ್ರೀಯರಾಗಬೇಕೆಂಬುದು ಅದರ ಗುರಿ.

ಇದರ ನಡುವೆ ಸ್ಕಾಟ್ಲೆಂಡಿನ ಸಂಸತ್ತು ೨೦೨೨ರ ಡಿಸೆಂಬರ್ ೨೨ರಂದು ೮೬ಕ್ಕೆ ೩೯ ಮತಗಳಿಂದ ಹೊಸದೊಂದು ಮಸೂದೆಯನ್ನು ಅಂಗೀಕರಿಸಿತು. ವೈದ್ಯರ ಪತ್ರ ಬೇಡ, ಎರಡು ವರ್ಷಗಳ ಬದಲು ಮೂರು ತಿಂಗಳು ಸಾಕು, ಹದಿನೆಂಟರ ಬದಲು ಹದಿನಾರು ವಯಸ್ಸಿನವರೂ ಅರ್ಹರು ಎಂದು ಅದು ಸ್ವಯಂಘೋಷಣೆಗೆ ಬಾಗಿಲು ತೆರೆಯಿತು. ಮುಂದಿನ ತಿಂಗಳೇ ಲಂಡನ್ನಿನ ಸರ್ಕಾರ ೧೯೯೮ರ ಅಧಿಕಾರ ಹಂಚಿಕೆಯ ಕಾಯಿದೆಯ ೩೫ನೆಯ ಕಲಮನ್ನು ಮೊದಲ ಬಾರಿಗೆ ಬಳಸಿ ಅದನ್ನು ತಡೆಯಿತು. ಅದೇ ಕಾಲಕ್ಕೆ, ಅತ್ಯಾಚಾರದ ಆರೋಪ ಬಂದ ಮೇಲೆ ತನ್ನನ್ನು ಹೆಣ್ಣೆಂದು ಹೇಳಿಕೊಂಡ ಅಪರಾಧಿಯೊಬ್ಬನನ್ನು ಮೊದಲು ಸ್ತ್ರೀಯರ ಸೆರೆಮನೆಗೆ ಕಳುಹಿಸಿದ ಸುದ್ದಿ ಹೊರಬಿದ್ದು ಜನ ಕೆರಳಿದರು. ಈ ಒಂದು ಉದಾಹರಣೆಯಿಂದ ಎಲ್ಲ ಲಿಂಗಾಂತರಿಗಳನ್ನೂ ಸಂಶಯದಿಂದ ನೋಡಿದವರು ಅನ್ಯಾಯ ಮಾಡಿದರು. ಆದರೆ ಆ ಸೆರೆಮನೆಯ ಸ್ತ್ರೀಯರ ಭಯವನ್ನು ಕೇಳಿದವರನ್ನೆಲ್ಲ ದ್ವೇಷಿಗಳೆಂದು ಕರೆದವರೂ ಅನ್ಯಾಯವನ್ನೇ ಮಾಡಿದರು. ಇದಕ್ಕೂ ಮೊದಲೇ, ೨೦೨೧ರಲ್ಲಿ, ಸಸೆಕ್ಸ್ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಿಕೆ ಕ್ಯಾಥಲೀನ್ ಸ್ಟಾಕ್ ಅವರು ಇಂಥ ಅಭಿಪ್ರಾಯಗಳಿಗಾಗಿ ವಿದ್ಯಾರ್ಥಿಗಳ ಪ್ರತಿಭಟನೆಗೆ ಗುರಿಯಾಗಿ ಹುದ್ದೆಯನ್ನು ಬಿಟ್ಟಿದ್ದರು. ವಿದ್ಯಾಪೀಠದಲ್ಲಿ ವಾದಕ್ಕೆ ವಾದದಿಂದ ಉತ್ತರ ಬರಬೇಕು. ಅದು ಬಾರದಾಗ ಪ್ರಶ್ನೆ ನ್ಯಾಯಾಲಯದ ಬಾಗಿಲಿಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು.

೨೦೧೮ರ ಕಾಯಿದೆಯಲ್ಲಿ ‘ಸ್ತ್ರೀ’ಯೆಂದರೆ ಪ್ರಮಾಣಪತ್ರ ಪಡೆದ ಲಿಂಗಾಂತರಿಯೂ ಸೇರುತ್ತಾರೆಯೇ ಎಂದು ‘ಫಾರ್ ವಿಮೆನ್ ಸ್ಕಾಟ್ಲೆಂಡ್’ ಎಂಬ ಸಂಸ್ಥೆ ಕೇಳಿತು. ಸ್ಕಾಟ್ಲೆಂಡಿನ ನ್ಯಾಯಾಲಯಗಳು ಸೇರುತ್ತಾರೆ ಎಂದುವು. ೨೦೨೫ರ ಏಪ್ರಿಲ್ ೧೬ರಂದು ಪರಮೋಚ್ಚ ನ್ಯಾಯಾಲಯದ ಐವರು ಏಕಾಭಿಪ್ರಾಯದಿಂದ ಸೇರುವುದಿಲ್ಲವೆಂದರು: ಸಮಾನತೆಯ ಕಾಯಿದೆಯಲ್ಲಿ ಸ್ತ್ರೀಯೆಂದರೆ ಹುಟ್ಟಿನ ದೇಹದಿಂದ ಸ್ತ್ರೀ.

ಇದು ಅಪ್ಪಟ ಮೀಮಾಂಸೆಯ ಬರಹ. ಜೈಮಿನಿಯು ಅರ್ಥನಿರ್ಣಯಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಸಾಧನಗಳನ್ನು ಹೇಳಿ, ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದನು. ನೇರವಾಗಿ ಹೇಳಿದ ಮಾತು ಶ್ರುತಿ. ಸಂದರ್ಭದಿಂದ ಹೊರಡುವ ಅರ್ಥ ಪ್ರಕರಣ. ಇಂದ್ರನನ್ನು ಸಾರುವ ಮಂತ್ರವಾದರೂ ಅದರಿಂದ ಗಾರ್ಹಪತ್ಯಾಗ್ನಿಯನ್ನು ಉಪಾಸಿಸಬೇಕೆಂದು ವಿಧಿ ನೇರವಾಗಿ ಹೇಳಿದರೆ ಅಗ್ನಿಗೇ ಅದು ಸಲ್ಲಬೇಕು. ಹೀಗೆ ನೋಡಿದರೆ ೨೦೦೪ರ ೯ನೆಯ ಕಲಮಿನ ‘ಎಲ್ಲ ಉದ್ದೇಶಗಳಿಗೂ’ ಎಂಬುದು ಶ್ರುತಿ. ನ್ಯಾಯಾಲಯ ಅದನ್ನು ಪ್ರಕರಣದಿಂದ ಕಟ್ಟಿಹಾಕಿತು. ಇದು ಬಲಾಬಲದ ವ್ಯತಿಕ್ರಮವಲ್ಲವೇ ಎಂದು ನಮ್ಮ ಪಂಡಿತರು ಕೇಳಬಹುದು. ಆದರೆ ಅದೇ ಕಲಮಿನ ೩ನೆಯ ಉಪಕಲಮು ಬೇರೆ ಶಾಸನಗಳ ಏರ್ಪಾಡಿಗೆ ಇದು ಅಧೀನವೆಂದು ಹೇಳುತ್ತದೆ. ಶ್ರುತಿಯೇ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿನಿಂದ ನ್ಯಾಯಾಲಯ ಒಳಬಂದು ೨೦೧೦ರ ಕಾಯಿದೆಯನ್ನು ಕಲಮು ಕಲಮಾಗಿ ಓದಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ರಕ್ಷಣೆ ಕೊಡುವ ಕಲಮುಗಳು ‘ಸ್ತ್ರೀ’ ಎಂದೇ ಹೇಳುತ್ತವೆ. ಪತ್ರದಿಂದ ಗಂಡಾದವರು ಬಸಿರಾದರೆ ಅವರಿಗೆ ಆ ರಕ್ಷಣೆ ತಪ್ಪಿಹೋಗಬೇಕಾದೀತು. ಹೆಣ್ಣನ್ನೇ ಒಲಿಯುವ ಹೆಣ್ಣುಗಳ ಸಂಘಗಳು ತಮ್ಮ ಸದಸ್ಯತ್ವವನ್ನು ಹೇಗೆ ನಿಶ್ಚಯಿಸಬೇಕು? ಪ್ರಮಾಣಪತ್ರ ಗೋಪ್ಯವಾದುದರಿಂದ, ಪತ್ರವಿದ್ದವರನ್ನೂ ಇಲ್ಲದವರನ್ನೂ ಆಸ್ಪತ್ರೆಯೋ ಆಶ್ರಯಗೃಹವೋ ಬೇರ್ಪಡಿಸುವುದು ಹೇಗೆ? ಒಂದೇ ಶಾಸನದಲ್ಲಿ ಒಂದೇ ಶಬ್ದಕ್ಕೆ ಒಂದೇ ಅರ್ಥವಿರಬೇಕು, ಆ ಅರ್ಥ ದೇಹದ್ದೇ ಎಂದು ತೀರ್ಮಾನವಾಯಿತು. ಏಕವಾಕ್ಯತೆಯ ದೃಷ್ಟಿಯಿಂದ ಇದನ್ನು ಅಲ್ಲಗಳೆಯುವುದು ಸುಲಭವಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಎರಡು ಕಡೆ. ಒಂದು, ಆಲಿಸುವಿಕೆಯಲ್ಲಿ. ಸ್ತ್ರೀಸಂಘಗಳು ತಮ್ಮ ಮಾತನ್ನು ತಾವೇ ಹೇಳಿದುವು. ಎದುರುಪಕ್ಷದಲ್ಲಿ ಆಮ್ನೆಸ್ಟಿ ಸಂಸ್ಥೆ ವಾದಿಸಿತೇ ಹೊರತು, ಯಾರ ಬಾಳು ಪ್ರಶ್ನೆಗೊಳಗಾಗಿದ್ದಿತೋ ಅಂಥ ಒಬ್ಬರೂ ತಮ್ಮ ಸ್ವಂತ ಹೆಸರಿನಲ್ಲಿ ವಾದಿಸಲಿಲ್ಲ. ವಾದಿಸಲು ಕೇಳಿಕೊಂಡವರಿಗೆ ಅನುಮತಿ ದೊರೆಯಲಿಲ್ಲ. ಎರಡು, ಏಕಾರ್ಥದ ಹಂಬಲದಲ್ಲಿ. ಬಸಿರಿಗೆ ಸಂಬಂಧಿಸಿದ ಕಲಮಿನಲ್ಲಿ ದೇಹವೇ ಮುಖ್ಯವೆಂಬುದು ನಿರ್ವಿವಾದ. ಮಂಡಲಿಯ ಸದಸ್ಯತ್ವದಲ್ಲಿಯೂ ಅದೇ ಅಷ್ಟೇ ಮುಖ್ಯವೇ? ಶಾಸನಕರ್ತರು ಬೇರೆಬೇರೆ ಉದ್ದೇಶಗಳಿಗೆ ಬೇರೆಬೇರೆ ಲಕ್ಷಣ ಹೇಳಬಹುದಾಗಿತ್ತು. ಹೇಳದೆ ಹೋದುದರ ಭಾರವನ್ನು ಒಂದು ಶಬ್ದ ಹೊತ್ತಿತು. ಕೇಶಿರಾಜನು ಒಂಬತ್ತು ಬಗೆಮಾಡಿದ ಕಡೆ ಲಂಡನ್ನಿನ ಶಾಸನಕರ್ತರು ಒಂದರಲ್ಲಿಯೇ ನಿಂತರು. ಇದು ನ್ಯಾಯಾಧೀಶರ ತಪ್ಪಲ್ಲ. ಅವರು ತಮ್ಮ ತೀರ್ಪನ್ನು ಒಂದು ಪಕ್ಷದ ಗೆಲವೆಂದು ತಿಳಿಯಬಾರದೆಂದೂ, ಲಿಂಗಪರಿವರ್ತನೆಯ ಕಾರಣದ ಭೇದದಿಂದ ಲಿಂಗಾಂತರಿಗಳಿಗೆ ರಕ್ಷಣೆ ಇದ್ದೇ ಇದೆಯೆಂದೂ ಎಚ್ಚರಿಸಿದರು. ಎಚ್ಚರಿಕೆಯನ್ನು ಬೀದಿ ಕೇಳಲಿಲ್ಲ. ಒಂದು ಕಡೆ ಉತ್ಸವ, ಇನ್ನೊಂದು ಕಡೆ ಗೋಳು. ಇಡೀ ರಾಜ್ಯದಲ್ಲಿ ಅಂಥ ಪತ್ರ ಪಡೆದವರು ಅಂದಿಗೆ ಎಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರವೆಂಬುದನ್ನು ಎರಡು ಕಡೆಯವರೂ ಮರೆತಂತಿತ್ತು.

೭

ನಾಲ್ಕು ತೀರ್ಪುಗಳನ್ನು ಓದಿದ ಮೇಲೆ ನಿಲ್ಲುವ ಅಭಿಪ್ರಾಯವೇನು? ಮೀಸಲು ಪೀಠಕ್ಕೆ ಎರಡು ಉದ್ದೇಶಗಳುಂಟು. ಹೆಣ್ಣಾಗಿ ಹುಟ್ಟಿದ ಕಾರಣಕ್ಕೇ ಶಾಲೆ ಬಿಡಿಸಲ್ಪಟ್ಟು, ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಹೆರಿಗೆ ಬಾಣಂತನಗಳ ನಡುವೆ ಊರಿನ ಚಾವಡಿಯನ್ನು ಹೊರಗಿನಿಂದಲೇ ಕಂಡವರಿಗೆ ಒಳಗೆ ಸ್ಥಳ ಕೊಡುವುದು ಒಂದು. ಹೆಣ್ಣಾಗಿ ಬಾಳುತ್ತಿರುವ ಕಾರಣಕ್ಕೆ ಇಂದು ಅವಮಾನ ಪಡುವವರ ದನಿಯನ್ನು ಸಭೆಗೆ ತರುವುದು ಇನ್ನೊಂದು. ಲಿಂಗಾಂತರಿ ಸ್ತ್ರೀ ಎರಡನೆಯದರಲ್ಲಿ ಪಾಲುಗಾರಳು. ಎಷ್ಟೋ ವೇಳೆ ಹೆಚ್ಚಿನ ಪಾಲುಗಾರಳು. ಮೊದಲನೆಯದರಲ್ಲಿ ಅಲ್ಲ. ಇದನ್ನು ಹೇಳುವುದು ಅವಳ ಅಂತರಂಗವನ್ನು ಸುಳ್ಳೆಂದಂತೆ ಅಲ್ಲ. ಅವಳು ಪಟ್ಟ ಪಾಡು ಬೇರೆ ಬಗೆಯದು, ಅದಕ್ಕೆ ಬೇರೆ ಪರಿಹಾರ ಬೇಕು ಎಂದಷ್ಟೇ. ೨೦೨೧ರಲ್ಲಿ ಕರ್ನಾಟಕ ಸರ್ಕಾರ ತನ್ನ ಹುದ್ದೆಗಳ ನೇಮಕದಲ್ಲಿ ಲಿಂಗಾಂತರಿಗಳಿಗೆ ನೂರಕ್ಕೆ ಒಂದರಂತೆ, ಎಲ್ಲ ವರ್ಗಗಳ ಒಳಗೂ ಸಲ್ಲುವಂತೆ, ಮೀಸಲು ಕೊಟ್ಟಿತು. ಸ್ತ್ರೀಯರ ಪಾಲನ್ನು ಮುಟ್ಟದೆ ಇನ್ನೊಂದು ಪಾಲನ್ನು ತೆಗೆದಿಟ್ಟ ಈ ಕ್ರಮ, ಎರಡು ದುರ್ಬಲ ಗುಂಪುಗಳನ್ನು ಒಂದೇ ಕುರ್ಚಿಗಾಗಿ ಜಗಳಕ್ಕೆ ಬಿಡುವುದಕ್ಕಿಂತ ಮೇಲು. ಚುನಾಯಿತ ಸಭೆಗಳಲ್ಲಿ ಇದನ್ನು ಹೇಗೆ ಮಾಡಬಹುದೆಂಬುದು ವಿಚಾರಾರ್ಹ.

ಹೆಸರು, ಉಡುಗೆ, ಗುರುತಿನ ಪತ್ರ, ಬಾಳಿನ ರೀತಿ, ಇವುಗಳಲ್ಲಿ ಸ್ವಯಂಘೋಷಣೆಯೇ ಪ್ರಮಾಣವಾಗಬೇಕು. ಅಲ್ಲಿ ವೈದ್ಯನಿಗಾಗಲಿ ಜಿಲ್ಲಾಧಿಕಾರಿಗಾಗಲಿ ಕೆಲಸವಿಲ್ಲ. ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕಾದ ಕಡೆ, ಎಂದರೆ ಮೀಸಲು ಪೀಠ, ಸೆರೆಮನೆ, ಆಶ್ರಯಗೃಹ, ಕ್ರೀಡಾಸ್ಪರ್ಧೆ ಮೊದಲಾದುವುಗಳಲ್ಲಿ, ಆ ಇನ್ನೊಬ್ಬರಿಗೂ ಮಾತಿನ ಹಕ್ಕುಂಟು. ಅಲ್ಲಿ ಏರ್ಪಾಡನ್ನು ಉದ್ದೇಶಕ್ಕೆ ತಕ್ಕಂತೆ ಶಾಸನವೇ ಬಿಡಿಬಿಡಿಯಾಗಿ ಹೇಳಬೇಕು. ಹೀಗೆ ಹೇಳಿದಾಗ ಮೋಸಕ್ಕೆ ಎಡೆಯಾಗುವುದಿಲ್ಲವೇ ಎಂದು ಕೇಳುವವರು ನಮ್ಮ ಊರುಗಳ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಸ್ತ್ರೀಯರ ಮೀಸಲು ಪೀಠವನ್ನು ಮೂರು ದಶಕಗಳಲ್ಲಿ ನಿಜವಾಗಿ ಕಬಳಿಸಿದವರು ಹಿಜಡಾಗಳಲ್ಲ, ಜೋಗಪ್ಪಗಳಲ್ಲ. ಅಧ್ಯಕ್ಷೆಯ ಪಕ್ಕದಲ್ಲಿ ಕುಳಿತು ಅವಳ ಸಹಿಯನ್ನು ಮಾತ್ರ ಅವಳಿಗೆ ಬಿಟ್ಟು ಉಳಿದುದೆಲ್ಲವನ್ನೂ ತಾವೇ ನಡೆಸಿದ ಗಂಡಂದಿರು. ಅವರ ಪುರುಷತ್ವವನ್ನು ಯಾವ ನ್ಯಾಯಾಲಯದಲ್ಲಿಯೂ ಪರೀಕ್ಷಿಸಬೇಕಾಗಲಿಲ್ಲ. ಸ್ತ್ರೀಯರ ಹಕ್ಕಿನ ಹೆಸರಿನಲ್ಲಿ ಲಿಂಗಾಂತರಿಗಳ ಮೇಲೆ ಕಣ್ಣು ಕೆಂಪಾಗಿಸುವವರು ಈ ಕಬಳಿಕೆಯ ಬಗ್ಗೆ ತಾಳುವ ಮೌನ ಸಂಶಯಾಸ್ಪದ.

ಈ ವಿಚಾರ ನಮಗೆ ದೂರದ್ದಲ್ಲ. ೨೦೨೩ರ ೧೦೬ನೆಯ ತಿದ್ದುಪಡಿ ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರರಲ್ಲಿ ಒಂದು ಪಾಲನ್ನು ಸ್ತ್ರೀಯರಿಗೆ ವಿಧಿಸಿದೆ. ‘ಸ್ತ್ರೀ’ ಶಬ್ದಕ್ಕೆ ಅದೂ ಲಕ್ಷಣ ಹೇಳಲಿಲ್ಲ. ಕಟನಿ, ಜಳಗಾಂವಗಳಲ್ಲಿ ಒಂದೊಂದು ಪೀಠಕ್ಕೆ ಬಂದ ಪ್ರಶ್ನೆ ನಾಳೆ ನೂರಾರು ಪೀಠಗಳಿಗೆ ಬರಬಹುದು. ಎರಡು ಉಚ್ಚ ನ್ಯಾಯಾಲಯಗಳ ಎರಡು ವಿರುದ್ಧ ಉತ್ತರಗಳು ಆಗಲೇ ಇವೆ. ಬ್ರಿಟನ್ನಿನವರು ಮೊದಲು ಕೂಗಾಡಿ, ಆಮೇಲೆ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ ಶಾಸನವನ್ನು ನೋಡಿದರು. ನಾವು ಆ ಕ್ರಮವನ್ನು ತಿರುಗಿಸಬಹುದು. ಸ್ತ್ರೀಸಂಘಟನೆಗಳೂ ಲಿಂಗಾಂತರಿಗಳ ಸಂಘಟನೆಗಳೂ ಒಂದೇ ಸಭೆಯಲ್ಲಿ ಕುಳಿತು, ಮೀಸಲಿನ ಉದ್ದೇಶವನ್ನು ಮುಂದಿಟ್ಟುಕೊಂಡು, ಚುನಾವಣಾಧಿಕಾರಿಯ ಮೇಜಿಗೆ ನಾಮಪತ್ರ ಬರುವ ಮೊದಲೇ ಶಾಸನಕ್ಕೆ ಬೇಕಾದ ಲಕ್ಷಣವಾಕ್ಯವನ್ನು ಬರೆದುಕೊಡಲು ಇನ್ನೂ ಕಾಲವಿದೆ.